ನಾಲ್ಕೂ ಚಕ್ರ ಎಳೆದರೂ ನಿಲ್ಲಿಸುವುದು ಬ್ರೇಕೇ: ಚಳಿಗಾಲಕ್ಕೆ ಗಾಡಿಯನ್ನು ಸಿದ್ಧಪಡಿಸುವ ಬಗ್ಗೆ



ರಾಜ್ಯೋತ್ಸವದ ಓಡಾಟ ಮುಗಿಯುತ್ತ ಬಂದಿದೆ. ಇನ್ನು ಸಂಕ್ರಾಂತಿಯವರೆಗೆ ನಮ್ಮ ಸದಸ್ಯರು ರಸ್ತೆಯ ಮೇಲೆಯೇ ಇರುತ್ತಾರೆ. ಆದೋನಿಯವರು ಸಿರುಗುಪ್ಪಕ್ಕೆ, ಆಲೂರಿನವರು ಬಳ್ಳಾರಿಗೆ, ಕೌತಾಳಂ, ಕೋಸಿಗಿ ಕಡೆಯವರು ಮಂತ್ರಾಲಯ ದಾಟಿ ರಾಯಚೂರಿಗೆ ಹೋಗಿಬರುವುದು ಇದ್ದೇ ಇದೆ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದು, ಬಳ್ಳಾರಿ ಮೈಸೂರಿಗೆ ಸೇರಿತು. ಅಂದಿನಿಂದ ಮದುವೆ, ಮುಂಜಿ, ಸಾಹಿತ್ಯ ಸಭೆ ಯಾವುದಕ್ಕೇ ಆಗಲಿ ಗಡಿ ದಾಟುವುದು ನಮಗೆ ತಪ್ಪಿಲ್ಲ. ಆದ್ದರಿಂದ ಕನ್ನಡ ಸಂಘದ ಪುಟದಲ್ಲಿ ಕಾರಿನ ವಿಷಯ ಏಕೆ ಎಂದು ಯಾರೂ ಕೇಳಲಾರರು ಎಂದುಕೊಂಡಿದ್ದೇವೆ.

ಈ ಲೇಖನ ಬರೆಯಲು ಕಾರಣ ಕಳೆದ ಜನವರಿಯ ಒಂದು ಬೆಳಗಿನ ಜಾವ. ಸಿರುಗುಪ್ಪದ ಕಡೆ ಒಂದು ಕಾರ್ಯಕ್ರಮಕ್ಕೆ ನಾವು ಐದು ಜನ ಹೋಗಿದ್ದೆವು. ಸನ್ಮಾನಗಳು ಎಂದಿನಂತೆ ಉದ್ದವಾಗಿ ರಾತ್ರಿ ಅಲ್ಲೇ ಉಳಿದೆವು. ಒಬ್ಬರಿಗೆ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕಿತ್ತು, ಹಾಗಾಗಿ ನಾಲ್ಕೂವರೆಗೇ ಹೊರಟೆವು. ಗಾಡಿ ನಮ್ಮ ಸದಸ್ಯರೊಬ್ಬರ ಹೊಸ ಆಲ್ ವೀಲ್ ಡ್ರೈವ್ ಕಾರು. ಕಾಲುವೆ ಪಕ್ಕದ ಗದ್ದೆ ಬಯಲಿಗೆ ಬಂದಾಗ ಮಂಜು ಗೋಡೆಯಂತೆ ಎದುರಾಯಿತು. ನಿಧಾನವಾಗಿ ಹೋಗೋಣವೇ ಎಂದು ಹಿಂದೆ ಕುಳಿತವರೊಬ್ಬರು ಕೇಳಿದರು. "ನಾಲ್ಕೂ ಚಕ್ರಕ್ಕೆ ಪವರ್ ಇದೆ, ಭಯ ಬೇಡ" ಎಂದು ಸಮಾಧಾನ ಹೇಳಿದವರು ಬೇರೆ ಯಾರೂ ಅಲ್ಲ, ಕಾರ್ಯದರ್ಶಿಯಾದ ನಾವೇ.

ಮುಂದೆ ರಸ್ತೆಯ ಮೇಲೆ ಹತ್ತಿ ತುಂಬಿದ ಟ್ರೇಲರ್ ಪಂಕ್ಚರ್ ಆಗಿ ನಿಂತಿತ್ತು. ಹಿಂದೆ ದೀಪವಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟು ಒಬ್ಬ ಹುಡುಗ ಮೊಬೈಲಿನ ಬೆಳಕು ಹಿಡಿದು ನಿಂತಿದ್ದ. ಬ್ರೇಕು ಒತ್ತಿದೆವು, ಗಾಡಿ ಜಾರುತ್ತ ಹೋಗಿ ಹತ್ತಿಯ ಹೊರೆಗೆ ಬಂಪರ್ ತಾಗಿ ನಿಂತಿತು. ಹುಡುಗ ಪಕ್ಕಕ್ಕೆ ಹಾರಿದ್ದರಿಂದ ಉಳಿದ. ಕಾರಿಗೆ ಗೀರು ಬಿಟ್ಟರೆ ಮತ್ತೇನೂ ಆಗಲಿಲ್ಲ. ಹುಡುಗ ಕಿಟಕಿಯ ಹತ್ತಿರ ಬಂದು "ನಿಮಗೇನೂ ಏಟಾಗಿಲ್ಲ ಅಲ್ರೀ?" ಎಂದು ಕೇಳಿದ. ಆ ಮಾತು ನಮ್ಮ ಕಿವಿಯಲ್ಲಿ ಇನ್ನೂ ಇದೆ.

ಆ ಮೇಲೆ ಗೊತ್ತಿರುವ ಮೆಕ್ಯಾನಿಕ್ಕುಗಳನ್ನು ಕೇಳಿ, ಗಾಡಿಯ ಜೊತೆ ಬಂದ ಕೈಪಿಡಿಯನ್ನು ಮೊದಲ ಪುಟದಿಂದ ಓದಿ, ತಿಳಿದದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇವೆ. ಗುಮಾಸ್ತಿಕೆ ಮಾಡಿದ ಕೈ, ಪಟ್ಟಿ ಮಾಡದೆ ಬಿಡುವುದಿಲ್ಲ.

ನಾಲ್ಕು ಚಕ್ರದ ಬಲ ಎಂದರೆ ಏನು, ಏನಲ್ಲ

ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಬಲ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಆಲ್ ವೀಲ್ ಡ್ರೈವ್ ಗಾಡಿಯಲ್ಲಿ ನಾಲ್ಕಕ್ಕೂ ಹೋಗುತ್ತದೆ, ಅಥವಾ ಎರಡು ಚಕ್ರ ಜಾರಿದ ಕೂಡಲೇ ಉಳಿದ ಎರಡಕ್ಕೆ ತಾನಾಗಿಯೇ ಹೋಗುತ್ತದೆ. ಹಳೆಯ ಜೀಪುಗಳಲ್ಲಿ ಇದಕ್ಕೆ ಬೇರೆಯೇ ಗೇರ್ ಕಡ್ಡಿ ಇತ್ತು. ಮಹೀಂದ್ರಾದವರು ಜೋಡಿಸಿದ ವಿಲ್ಲಿಸ್ ಜೀಪನ್ನೂ 1985ರಲ್ಲಿ ಬಂದ ಮಾರುತಿ ಜಿಪ್ಸಿಯನ್ನೂ ಸರ್ಕಾರಿ ಕಚೇರಿಗಳ ಮುಂದೆ ನಮ್ಮ ವಯಸ್ಸಿನವರೆಲ್ಲ ಕಂಡವರೇ.

ಈ ಬಲ ಉಪಯೋಗಕ್ಕೆ ಬರುವುದು ಹೊರಡುವಾಗ, ಏರು ಹತ್ತುವಾಗ, ಕೆಸರಿನಿಂದ ಎದ್ದು ಬರುವಾಗ. ನಿಲ್ಲಿಸುವಾಗ ಅದರಿಂದ ಏನೂ ಪ್ರಯೋಜನವಿಲ್ಲ. ಏಕೆಂದರೆ ಬ್ರೇಕು ಎಲ್ಲ ಕಾರುಗಳಲ್ಲಿಯೂ ಮೊದಲಿನಿಂದಲೇ ನಾಲ್ಕು ಚಕ್ರಕ್ಕೂ ಇದೆ. ಆ ವಿಷಯದಲ್ಲಿ ಸಣ್ಣ ಕಾರಿಗೂ ದೊಡ್ಡ ಗಾಡಿಗೂ ಭೇದವಿಲ್ಲ. ಭೇದವೇನಾದರೂ ಇದ್ದರೆ ದೊಡ್ಡ ಗಾಡಿಯ ತೂಕ ಹೆಚ್ಚು, ಸವೆದ ಟೈರಿನ ಮೇಲೆ ಅದನ್ನು ಹಿಡಿದು ನಿಲ್ಲಿಸುವುದು ಇನ್ನೂ ಕಷ್ಟ.

ಅಪಾಯ ಇರುವುದು ಇಲ್ಲೇ. ಚಕ್ರ ಜಾರದೆ ಗಾಡಿ ಸರಾಗವಾಗಿ ಮುಂದೆ ಹೋಗುವುದರಿಂದ ರಸ್ತೆ ಜಾರುತ್ತಿದೆ ಎಂಬುದೇ ನಮಗೆ ತಿಳಿಯುವುದಿಲ್ಲ. ಅದು ತಿಳಿಯುವುದು ಬ್ರೇಕು ಒತ್ತಿದಾಗ, ಅಷ್ಟರಲ್ಲಿ ತಡವಾಗಿರುತ್ತದೆ.

ಇನ್ನೊಂದು ಮಾತು. ನೋಡಲು ಎತ್ತರವಾಗಿರುವ ಗಾಡಿಯೆಲ್ಲ ನಾಲ್ಕು ಚಕ್ರದ ಬಲದ್ದಲ್ಲ. ನಮ್ಮ ಊರುಗಳಲ್ಲಿ ಓಡುವ ಬಹುಪಾಲು ಎಸ್‌ಯುವಿಗಳು ಎರಡು ಚಕ್ರದ ಬಲದವೇ. ನಿಮ್ಮದು ಯಾವುದು ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಲೆಕ್ಕ ಮಾಡಿ ನೋಡಿ

ಎದುರಿಗೆ ಏನೋ ಕಂಡು, ಅದು ತಲೆಗೆ ಹೊಕ್ಕು, ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡ್ ಎಂದು ಹಿಡಿಯೋಣ. ಒಳ್ಳೆಯ ಟೈರು, ಒಣ ರಸ್ತೆ ಇದ್ದರೆ, 40 ಕಿ.ಮೀ. ವೇಗದಲ್ಲಿ ಗಾಡಿ ನಿಲ್ಲಲು ಒಟ್ಟು ಸುಮಾರು 26 ಮೀಟರ್ ಬೇಕು. 60ರಲ್ಲಿ 45 ಮೀಟರ್. 80ರಲ್ಲಿ ಹೆಚ್ಚುಕಡಿಮೆ 70 ಮೀಟರ್. ವೇಗ ಎರಡರಷ್ಟಾದರೆ ಬ್ರೇಕು ಹಿಡಿಯುವ ದೂರ ನಾಲ್ಕರಷ್ಟಾಗುತ್ತದೆ, ಅದಕ್ಕೇ ಈ ವ್ಯತ್ಯಾಸ. ಇಬ್ಬನಿ ಬಿದ್ದು ರಸ್ತೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು.

ಮಂಜಿನಲ್ಲಿ 30 ಮೀಟರ್ ಆಚೆ ಕಾಣದಿದ್ದರೆ 40ಕ್ಕಿಂತ ಹೆಚ್ಚು ಹೋಗುವ ಹಕ್ಕು ಯಾವ ಗಾಡಿಗೂ ಇಲ್ಲ. ಆ ದಿನ ನಮ್ಮ ಮುಳ್ಳು 55ರ ಮೇಲಿತ್ತು.

ನಮ್ಮ ಚಳಿಗಾಲ ಬೇರೆ

ನಮ್ಮ ಸದಸ್ಯರ ಮಕ್ಕಳು ಕೆನಡಾದಲ್ಲಿ, ಅಮೆರಿಕದಲ್ಲಿ ಇದ್ದಾರೆ. ಅಲ್ಲಿಯವರಿಗೆ ಚಳಿಗಾಲ ಎಂದರೆ ಹಿಮ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅಲ್ಲಿನ ಕಾರುಗಳಿಗೆ ಚಳಿಗಾಲದ ಟೈರು ಹಾಕಲೇಬೇಕೆಂಬ ಕಾನೂನೇ ಇದೆ. ಆಲ್ ವೀಲ್ ಡ್ರೈವ್ ಕಾರಿಗೆ ರಿಯಾಯಿತಿ ಇಲ್ಲ. ಹಿಮದ ನಾಡಿನವರೇ ನಾಲ್ಕು ಚಕ್ರದ ಬಲವನ್ನು ನಂಬದೆ ಟೈರನ್ನು ನಂಬುತ್ತಾರೆ ಎಂಬುದನ್ನು ಗಮನಿಸಬೇಕು.

ನಮಗೆ ಆ ಟೈರು ಬೇಡ. ಅದು ಸುಮಾರು 7 ಡಿಗ್ರಿಗಿಂತ ಕಡಿಮೆ ಇರುವ ಕಡೆಗೆ ಮಾಡಿದ ಮೆದು ರಬ್ಬರು, ನಮ್ಮ ಬಿಸಿಲಿಗೆ ಬೇಗ ಸವೆಯುತ್ತದೆ. ನಮ್ಮ ಚಳಿಗಾಲದ ತೊಂದರೆಗಳು ಬೇರೆ.

ಮೊದಲನೆಯದು ಮಂಜು. ಆಕಾಶ ಶುಭ್ರವಾಗಿದ್ದು ಗಾಳಿ ಆಡದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಅದರ ಮೇಲಿನ ತೇವದ ಗಾಳಿ ಮಂಜಾಗುತ್ತದೆ. ಆದ್ದರಿಂದ ನದಿಯ ದಂಡೆ, ತುಂಗಭದ್ರಾ ಕೆಳಮಟ್ಟದ ಕಾಲುವೆಯ ಬಯಲು, ಕೆರೆಯ ಏರಿ, ತಗ್ಗಿನ ಸೇತುವೆ, ಈ ಜಾಗಗಳಲ್ಲಿ ಮಂಜು ದಟ್ಟ. ಎತ್ತರದ ಕಲ್ಲುನೆಲದಲ್ಲಿ ರಸ್ತೆ ನಿಚ್ಚಳವಾಗಿರುತ್ತದೆ, ಇಳಿಜಾರು ಇಳಿದ ಕೂಡಲೇ ಏನೂ ಕಾಣುವುದಿಲ್ಲ. ಬೆಳಿಗ್ಗೆ ನಾಲ್ಕರಿಂದ ಏಳೂವರೆಯವರೆಗೆ ಇದು ಹೆಚ್ಚು.

ಎರಡನೆಯದು ಸುಗ್ಗಿ. ಆದೋನಿ ಹತ್ತಿಯ ದೊಡ್ಡ ಮಾರುಕಟ್ಟೆ. ಚಳಿಗಾಲದಲ್ಲಿ ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರು, ಲಾರಿ, ಬಂಡಿ ರಾತ್ರಿಯೆಲ್ಲ ಬರುತ್ತಿರುತ್ತವೆ. ಹೊರೆ ಅಗಲವಾಗಿ ಉಬ್ಬಿ ಹಿಂದಿನ ದೀಪಗಳನ್ನು ಮುಚ್ಚುತ್ತದೆ. ನಸುಕಿನಲ್ಲೇ ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ಆಟೋಗಳಲ್ಲಿ ತುಂಬಿಕೊಂಡು ಹೋಗುತ್ತಾರೆ. ಧನುರ್ಮಾಸದ ಪೂಜೆಗೆ ನಡೆದು ಹೋಗುವವರು, ಮಂತ್ರಾಲಯದ ಪಾದಯಾತ್ರಿಗಳು ಕೂಡ ಅದೇ ಹೊತ್ತಿಗೆ ರಸ್ತೆಯಲ್ಲಿರುತ್ತಾರೆ.

ಮೂರನೆಯದು ರಸ್ತೆಯ ಮೇಲಿನ ಒಕ್ಕಣೆ. ಇದರ ಬಗ್ಗೆ ಮುಂದೆ ಬರೆದಿದ್ದೇವೆ.

ಹೊರಡುವ ಮುನ್ನ ನೋಡಬೇಕಾದವು

1. ಟೈರು. ಕಾರಿನ ಟೈರಿನ ಗೆರೆಗಳ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು ಎಂದು ನಿಯಮ. ಗೆರೆಗಳ ನಡುವೆ ಸಣ್ಣ ಉಬ್ಬು ಇರುತ್ತದೆ, ಟೈರು ಸವೆದು ಅದರ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತು. ಅಲ್ಲಿಯವರೆಗೆ ಕಾಯದೆ 3 ಮಿ.ಮೀ. ಇರುವಾಗಲೇ ಬದಲಿಸುವುದು ಒಳ್ಳೆಯದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ನಮ್ಮ ಕಡೆಯ ಬೇಸಿಗೆಗೆ ರಬ್ಬರು ಬೇಗ ಗಟ್ಟಿಯಾಗುತ್ತದೆ. ಗೆರೆ ಇದ್ದರೂ ಹಿಡಿತ ಇರುವುದಿಲ್ಲ.

ಆಲ್ ವೀಲ್ ಡ್ರೈವ್ ಗಾಡಿಯವರಿಗೆ ವಿಶೇಷ ಸೂಚನೆ: ನಾಲ್ಕೂ ಟೈರು ಒಂದೇ ಅಳತೆ, ಒಂದೇ ಬಗೆ, ಹತ್ತಿರ ಹತ್ತಿರ ಒಂದೇ ಸವೆತದವು ಇರಬೇಕು. ಎರಡು ಹೊಸದು, ಎರಡು ಹಳೆಯದು ಹಾಕಿದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಿ, ಮುಂದಿನ ಹಿಂದಿನ ಚಕ್ರಗಳನ್ನು ಜೋಡಿಸುವ ಭಾಗ ಸದಾ ತಿಕ್ಕಾಡಿ ಕೆಡುತ್ತದೆ. ಉಳಿಸಿದ ಹಣಕ್ಕಿಂತ ಆ ರಿಪೇರಿ ದುಬಾರಿ. ಹತ್ತು ಸಾವಿರ ಕಿ.ಮೀ.ಗೊಮ್ಮೆಯಾದರೂ ಟೈರುಗಳ ಜಾಗ ಬದಲಿಸುತ್ತಿದ್ದರೆ ಸವೆತ ಸಮನಾಗಿರುತ್ತದೆ.

2. ಗಾಳಿ. ಉಷ್ಣತೆ ಐದಾರು ಡಿಗ್ರಿ ಇಳಿದರೆ ಟೈರಿನ ಗಾಳಿ ಸುಮಾರು 1 ಪಿ.ಎಸ್.ಐ. ಇಳಿಯುತ್ತದೆ. ಮಧ್ಯಾಹ್ನ 32 ಡಿಗ್ರಿಯಲ್ಲಿ ಹಿಡಿಸಿದ ಗಾಳಿ ಬೆಳಗಿನ 16 ಡಿಗ್ರಿಯಲ್ಲಿ ಮೂರು ಕಡಿಮೆ ತೋರಿಸುತ್ತದೆ. ಗಾಡಿ ಓಡಿಸುವ ಮುನ್ನ, ಬೆಳಗಿನ ತಂಪಿನಲ್ಲೇ ನೋಡಿ. ಎಷ್ಟಿರಬೇಕೆಂದು ಹೆಚ್ಚಿನ ಕಾರುಗಳಲ್ಲಿ ಚಾಲಕರ ಬಾಗಿಲ ಕಂಬದ ಮೇಲೆ ಬರೆದಿರುತ್ತದೆ. ಸ್ಟೆಪ್ನಿಯನ್ನು ಮರೆಯಬೇಡಿ.

3. ಬ್ಯಾಟರಿ. ನಮ್ಮ ಚಳಿ ಬ್ಯಾಟರಿಯನ್ನು ಕೊಲ್ಲುವಷ್ಟಿಲ್ಲ. ಅದನ್ನು ಒಳಗೊಳಗೇ ತಿನ್ನುವುದು ಏಪ್ರಿಲ್, ಮೇ ತಿಂಗಳ ಸೆಕೆ; ಕೈಕೊಡುವುದು ಮಾತ್ರ ಜನವರಿಯ ಬೆಳಿಗ್ಗೆ. ಮೂರು ವರ್ಷ ದಾಟಿದ್ದರೆ ಅಂಗಡಿಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ.

4. ದೀಪ. ಒಬ್ಬರು ಒಳಗೆ ಕುಳಿತು ಒತ್ತಬೇಕು, ಒಬ್ಬರು ಹೊರಗೆ ನಿಂತು ನೋಡಬೇಕು: ಮುಂದಿನ ದೀಪ, ಹಿಂದಿನ ದೀಪ, ಬ್ರೇಕು ದೀಪ, ಇಂಡಿಕೇಟರ್. ಗಾಜು ಹಳದಿಯಾಗಿದ್ದರೆ ಪಾಲಿಷ್ ಮಾಡಿಸಿ. ಮಂಜಿನಲ್ಲಿ ತಗ್ಗಿನ ಬೆಳಕನ್ನೇ ಬಳಸಬೇಕು. ಎತ್ತರದ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ಹಿಂದಿರುಗುತ್ತದೆ.

ಹೊಸ ಕಾರುಗಳಲ್ಲಿ ದೀಪ ತಾನಾಗಿಯೇ ಹೊತ್ತುವ ವ್ಯವಸ್ಥೆ ಇದೆ. ಅದು ಕತ್ತಲನ್ನು ಗುರುತಿಸುತ್ತದೆ, ಮಂಜನ್ನು ಗುರುತಿಸುವುದಿಲ್ಲ. ಆರೂವರೆಯ ಬೆಳಕಿನ ಮಂಜಿನಲ್ಲಿ ಮುಂದಿನ ಹಗಲು ದೀಪ ಮಾತ್ರ ಹೊತ್ತಿ ಹಿಂದಿನ ಕೆಂಪು ದೀಪ ಆರಿರಬಹುದು. ಸ್ವಿಚ್ಚನ್ನು ಕೈಯಿಂದಲೇ ತಿರುಗಿಸಿ.

5. ಗಾಜು. ಒಳಗಿನಿಂದ ಗಾಜು ಮಸುಕಾದರೆ ಬಟ್ಟೆಯಿಂದ ಒರೆಸುತ್ತ ಓಡಿಸಬೇಡಿ. ಎಸಿ ಹಾಕಿ, ಜೊತೆಗೆ ಬಿಸಿಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಬರುವಂತೆ ಇಡಿ. ಚಳಿಯಲ್ಲಿ ಎಸಿ ಏಕೆ ಎನ್ನಬೇಡಿ, ಎಸಿ ಗಾಳಿಯ ತೇವವನ್ನು ಹೀರುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರಿದ ವೈಪರ್ ರಬ್ಬರನ್ನು ಬದಲಿಸಿ.

6. ಬ್ರೇಕು ಮತ್ತು ಎಣ್ಣೆ. ಬ್ರೇಕು ಪ್ಯಾಡು, ಬ್ರೇಕು ಎಣ್ಣೆ ತೋರಿಸಿ. ನಾಲ್ಕು ಚಕ್ರದ ಗಾಡಿಗೆ ಎಂಜಿನ್ ಎಣ್ಣೆಯಲ್ಲದೆ ಡಿಫರೆನ್ಷಿಯಲ್ ಎಣ್ಣೆ, ಟ್ರಾನ್ಸ್‌ಫರ್ ಕೇಸ್ ಎಣ್ಣೆ ಎಂದು ಬೇರೆ ಇರುತ್ತವೆ. ಸರ್ವೀಸ್ ಬಿಲ್ಲಿನಲ್ಲಿ ಅವು ಕಾಣದಿದ್ದರೆ ಕೇಳಿ. ಎಬಿಎಸ್ ಇರುವ ಗಾಡಿಯಲ್ಲಿ ಜೋರಾಗಿ ಬ್ರೇಕು ಒತ್ತಿದಾಗ ಪೆಡಲು ಕಾಲಿನಡಿ ನಡುಗುತ್ತದೆ. ಅದು ಕೆಟ್ಟಿಲ್ಲ, ಕೆಲಸ ಮಾಡುತ್ತಿದೆ. ಹೆದರಿ ಕಾಲು ತೆಗೆಯಬಾರದು.

7. ಕಡ್ಡಿ ಇರುವ ಗಾಡಿ. ಜೀಪು, ಥಾರ್ ಮುಂತಾದವುಗಳಲ್ಲಿ ಕೈಯಿಂದ ನಾಲ್ಕು ಚಕ್ರಕ್ಕೆ ಹಾಕುವ ವ್ಯವಸ್ಥೆ ಇದೆ. ಒಣ ಡಾಂಬರು ರಸ್ತೆಯಲ್ಲಿ ಅದನ್ನು ಹಾಕಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು. ಎರಡನ್ನೂ ಬಿಗಿದು ಕಟ್ಟಿದರೆ ಗೇರುಗಳು ಹಿಂಡಿಹೋಗುತ್ತವೆ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಸ್ವಲ್ಪ ದೂರ ಹಾಕಿ ಓಡಿಸಿದರೆ ಎಣ್ಣೆ ಎಲ್ಲ ಕಡೆ ಹರಿದು ಸರಿಯಾಗಿರುತ್ತದೆ.

ರಸ್ತೆಯ ಮೇಲಿನ ಒಕ್ಕಣೆ

ಕಣ ಮಾಡುವ ಕಾಲ ಹೋಯಿತು. ಈಗ ಹುರುಳಿ, ತೊಗರಿ, ಜೋಳ ಎಲ್ಲವೂ ಡಾಂಬರಿನ ಮೇಲೆ. ಕಾಳಿನ ಮೇಲೆ ಬ್ರೇಕು ಒತ್ತಿದರೆ ಗೋಲಿಗಳ ಮೇಲೆ ಒತ್ತಿದಂತೆ. ಅದರ ಮೇಲೆ ಹೋಗುವ ಮುನ್ನವೇ ವೇಗ ಇಳಿಸಿ, ಸ್ಟೇರಿಂಗ್ ನೆಟ್ಟಗೆ ಹಿಡಿದು ದಾಟಿ.

ಹುರುಳಿ ಬಳ್ಳಿಯ ಅಪಾಯ ಇನ್ನೊಂದು ಬಗೆಯದು. ಬಳ್ಳಿ ಗಾಡಿಯ ಅಡಿಯಲ್ಲಿ ತಿರುಗುವ ಭಾಗಗಳಿಗೆ ಸುತ್ತಿಕೊಳ್ಳುತ್ತದೆ. ಪಕ್ಕದಲ್ಲೇ ಕಾದ ಸೈಲೆನ್ಸರ್ ಕೊಳವೆ ಇರುತ್ತದೆ. ಹೀಗೆ ಬೆಂಕಿ ಹತ್ತಿ ಕಾರುಗಳು ಸುಟ್ಟ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಸುಗ್ಗಿಯ ಕಾಲದಲ್ಲಿ ಬರುತ್ತಿರುತ್ತದೆ. ಮುಂದಿನ ಚಕ್ರದಿಂದ ಓಡುವ ಕಾರಿಗಿಂತ ನಾಲ್ಕು ಚಕ್ರದ ಗಾಡಿಯಲ್ಲಿ ಈ ಭಯ ಹೆಚ್ಚು. ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಉದ್ದನೆಯ ದಂಡ ಹೊಟ್ಟೆಯ ಕೆಳಗೆ ತಿರುಗುತ್ತಿರುತ್ತದೆ, ಅದಕ್ಕೆ ಬಳ್ಳಿ ನೂಲಿನಂತೆ ಸುತ್ತುತ್ತದೆ. ಒಕ್ಕಣೆಯ ಮೇಲೆ ಹಾದು ಬಂದರೆ ಸ್ವಲ್ಪ ಮುಂದೆ ನಿಲ್ಲಿಸಿ, ಬಗ್ಗಿ ನೋಡಿ. ಸುತ್ತಿಕೊಂಡಿದ್ದರೆ ಎಂಜಿನ್ ಆರಿಸಿ, ಆರಲು ಬಿಟ್ಟು ಕೋಲಿನಿಂದ ತೆಗೆಯಿರಿ. ಸುಟ್ಟ ವಾಸನೆ ಬಂದರೆ ಮೊದಲು ಎಲ್ಲರೂ ಕೆಳಗಿಳಿದು ದೂರ ಸರಿಯಿರಿ.

ಎರೆ ಹೊಲದ ದಾರಿಯ ಬಗ್ಗೆಯೂ ಒಂದು ಮಾತು. ನವೆಂಬರ್, ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತದ ಮಳೆ ಬಂದರೆ ಎರೆ ಮಣ್ಣು ಟೈರಿನ ಗೆರೆಗಳನ್ನೆಲ್ಲ ಮೆತ್ತಿ, ನಾಲ್ಕು ಚಕ್ರವೂ ಬೋಳಾದಂತೆ ತಿರುಗುತ್ತವೆ. ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಇಳಿಯುತ್ತದೆ. ಹತ್ತಿ ಕಟ್ಟಿಗೆ ಹಾಸಿ ನಿಧಾನವಾಗಿ ಎಬ್ಬಿಸಿ. ಅದಕ್ಕಿಂತ ನೆಲ ಆರುವವರೆಗೆ ಆ ದಾರಿಗೆ ಹೋಗದಿರುವುದೇ ಮೇಲು. ಎತ್ತಿನ ಬಂಡಿಯ ಕಾಲದ ಹಿರಿಯರು ಹಾಗೆಯೇ ಮಾಡುತ್ತಿದ್ದರು.

ತೊಂದರೆಯಾದಾಗ

ಮಂಜಿನಲ್ಲಿ ಗಾಡಿ ನಿಲ್ಲಿಸಲೇಬೇಕಾದರೆ ಡಾಂಬರಿನಿಂದ ಪೂರ್ತಿ ಕೆಳಗಿಳಿಸಿ, ಮಿಣುಕು ದೀಪ ಹಾಕಿ, ಜನ ಕೆಳಗಿಳಿದು ರಸ್ತೆಯಿಂದ ದೂರ ನಿಲ್ಲಬೇಕು. ಓಡುತ್ತಿರುವಾಗ ಮಿಣುಕು ದೀಪ ಬೇಡ, ಹಿಂದಿನವರಿಗೆ ನಿಂತಿದೆಯೋ ಹೋಗುತ್ತಿದೆಯೋ ತಿಳಿಯುವುದಿಲ್ಲ.

ಆಂಬುಲೆನ್ಸಿಗೆ 108 ಎರಡೂ ರಾಜ್ಯಗಳಲ್ಲಿ ಇದೆ. 112 ದೇಶಕ್ಕೆಲ್ಲ ಒಂದೇ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ನಾವು ಗಡಿಯವರು, ಆದ್ದರಿಂದ ಕರೆ ಮಾಡಿದಾಗ ಮೊದಲು ರಾಜ್ಯ, ಜಿಲ್ಲೆ, ಆಮೇಲೆ ಊರು ಹೇಳಿ. ಗಾಯಗೊಂಡವರಿಗೆ ನೆರವಾಗಲು ಪೊಲೀಸು, ಕೋರ್ಟು ಎಂದು ಹೆದರಬೇಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಮು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಅವರು ತಮ್ಮ ಹೆಸರು ಹೇಳಲೇಬೇಕೆಂಬ ಬಲವಂತವೂ ಇಲ್ಲ.

ಸಂಘದ ನಿರ್ಧಾರಗಳು

ಕಾರ್ಯಕಾರಿ ಸಮಿತಿಯಲ್ಲಿ ಚರ್ಚಿಸಿ ಮೂರು ತೀರ್ಮಾನ ತೆಗೆದುಕೊಂಡಿದ್ದೇವೆ.

ಮೊದಲನೆಯದು, ಸಂಘದ ಚಳಿಗಾಲದ ಕಾರ್ಯಕ್ರಮಗಳು ಇನ್ನು ಮುಂದೆ ಬೆಳಿಗ್ಗೆ ಹತ್ತೂವರೆಗೆ ಆರಂಭವಾಗಿ ಸಂಜೆ ಐದಕ್ಕೆ ಮುಗಿಯುತ್ತವೆ. ಭಾಷಣಕಾರರು ಹೊತ್ತನ್ನು ಪಾಲಿಸಬೇಕಾಗಿ ವಿನಂತಿ. ದೂರದವರು ಬೆಳಿಗ್ಗೆ ಎಂಟರ ಮುಂಚೆ ಹೊರಡಬೇಕಾಗಿಲ್ಲ. ತಡವಾಗಿ ಬಂದವರನ್ನು ಯಾರೂ ಆಕ್ಷೇಪಿಸುವುದಿಲ್ಲ.

ಎರಡನೆಯದು, ಹಾರ, ಶಾಲು, ಫಲಕಗಳ ಖರ್ಚನ್ನು ಅರ್ಧಕ್ಕೆ ಇಳಿಸಿ, ಆ ಹಣದಲ್ಲಿ ಪ್ರತಿಫಲನ ಪಟ್ಟಿ ಕೊಂಡಿದ್ದೇವೆ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ ಎಂಬುದು ನಿಯಮ. ಹತ್ತಿ ತರುವ ಟ್ರೇಲರುಗಳಿಗೆ, ಬಂಡಿಗಳಿಗೆ ನಾವೇ ಹೋಗಿ ಅಂಟಿಸುತ್ತೇವೆ. ಹೊರೆ ಮುಚ್ಚದಂತೆ ಚಾಸಿಯ ಕೆಳಭಾಗದಲ್ಲಿ, ಎರಡೂ ಮೂಲೆಗೆ ಅಂಟಿಸಬೇಕು. ಒಬ್ಬ ರೈತ "ಇದಕ್ಕೆ ದುಡ್ಡೆಷ್ಟು ಸ್ವಾಮಿ?" ಎಂದು ಅನುಮಾನದಿಂದಲೇ ಕೇಳಿದರು. ಏನೂ ಇಲ್ಲ ಎಂದಾಗ ಇನ್ನೂ ಎರಡು ಟ್ರೇಲರ್ ಕರೆತಂದರು.

ಮೂರನೆಯದು, ಈ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸದಸ್ಯರು ತಮ್ಮ ಗಾಡಿಗಳನ್ನು ಸಂಘದ ಸಭೆ ನಡೆಯುವ ಜಾಗಕ್ಕೆ ತರಬೇಕು. ಗಾಳಿ ನೋಡುವ ಮಾಪಕ, ಟೈರಿನ ಆಳ ಅಳೆಯುವ ಕಡ್ಡಿ ಇರುತ್ತವೆ. ಒಬ್ಬರು ಮೆಕ್ಯಾನಿಕ್ ಬರಲು ಒಪ್ಪಿದ್ದಾರೆ. ದ್ವಿಚಕ್ರ ವಾಹನದವರೂ ಬರಬಹುದು. ಉಪ್ಪಿಟ್ಟು, ಚಹಾ ಸಂಘದ್ದು.

ಆ ಬೆಳಿಗ್ಗೆ ನಾವು "ಭಯ ಬೇಡ" ಎಂದದ್ದು ತಪ್ಪಾಯಿತು. ಗಾಡಿಯ ಯಜಮಾನರು ನಮ್ಮ ಮಾತು ಕೇಳಿ ಕಾಲು ಸಡಿಲಿಸಲಿಲ್ಲ. ಹಿರಿಯರು ಪಕ್ಕದಲ್ಲಿ ಕುಳಿತಾಗ ಓಡಿಸುವವರು ಅವರ ಮಾತಿಗೆ ಬೆಲೆ ಕೊಡುತ್ತಾರೆ. ಆದ್ದರಿಂದ ಪಕ್ಕದಲ್ಲಿ ಕೂರುವ ನಮ್ಮ ವಯಸ್ಸಿನವರೆಲ್ಲ ಈ ಚಳಿಗಾಲದಲ್ಲಿ ಒಂದೇ ಮಾತು ಹೇಳೋಣ: ನಿಧಾನವಾಗಿ ಹೋಗಪ್ಪ, ತಡವಾದರೆ ಆಗಲಿ.

ಸಂಘದ ಪರವಾಗಿ,
ಕಾರ್ಯದರ್ಶಿ